ಬಲಗೈಯ ಅಳತೆ

ಕಳೆದ ತಿಂಗಳು ಇಲ್ಲಿ, ಅಮೆರಿಕದ ಫೋರ್ಟ್ ಮಿಲ್‌ನಲ್ಲಿ, ಮಳೆಯೂ ಅಲ್ಲದ, ಹಿಮವೂ ಅಲ್ಲದ ಏನೋ ಒಂದು ಎರಡು ದಿನ ಬಿಡದೆ ಸುರಿಯಿತು. ಐಸ್ ಕಟ್ಟದಿರಲೆಂದು ಹೊರಗಿನ ಮೆಟ್ಟಿಲಿಗೆ ಉಪ್ಪು ಹಾಕಲು ಹೋದ ನನ್ನ ಗಂಡ ಶೂ ಪೂರ್ತಿ ನೆನೆಸಿಕೊಂಡು ಬಂದರು. ಒಣಗಲಿ ಎಂದು ಹಳೆಯ ನ್ಯೂಸ್‌ಪೇಪರನ್ನು ಉಂಡೆ ಮಾಡಿ ಶೂಗಳ ಒಳಗೆ ತುರುಕಿ, ನೆಲದ ಹೀಟರ್ ಕಿಂಡಿಯ ಪಕ್ಕ ಇಟ್ಟೆ. ಅರ್ಧ ಗಂಟೆಯಲ್ಲಿ ಒದ್ದೆ ಕಾಗದ ಬಿಸಿಯಾಗುವ ವಾಸನೆ ಅಡುಗೆಮನೆಯವರೆಗೆ ಬಂತು. ಶಾಯಿ, ತೇವ, ಸ್ವಲ್ಪ ಚರ್ಮ… ಸಾರು ಕಲಕುತ್ತಿದ್ದ ಕೈ ಹಾಗೇ ನಿಂತಿತು.

ಬಹಳ ವರ್ಷದ ಹಿಂದೆ, ಇನ್ನೊಂದು ಊರಿನಲ್ಲಿ, ನಾನು ಅಂಕಲ್ ಎಂದು ಕರೆಯುತ್ತಿದ್ದವರ ಮನೆಯೊಳಗೆ ಚಳಿಗಾಲದಲ್ಲಿ ಕಾಲಿಟ್ಟರೆ ಬರುತ್ತಿದ್ದುದು ಇದೇ ವಾಸನೆ. ಮೋಟರ್‌ಸೈಕಲ್ ಹತ್ತುವ ಮುಂಚೆ ಅವರು ಜಾಕೆಟ್ಟಿನ ಒಳಗೆ, ಎದೆಯಿಂದ ಹೊಟ್ಟೆಯವರೆಗೆ, ಪೇಪರ್ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಗಾಳಿ ಒಳಗೆ ಹೊಗದಿರಲು ಅದಕ್ಕಿಂತ ಒಳ್ಳೆಯ ಉಪಾಯ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎನ್ನುವುದು ಅವರ ವಾದ. ಅದೂ ಕನ್ನಡ ಪೇಪರ್. ಧಾರವಾಡದಲ್ಲಿದ್ದ ಅವರ ತಮ್ಮ ಹಳೆಯ ಸಂಚಿಕೆಗಳನ್ನು ಸುರುಳಿ ಸುತ್ತಿ ಅಂಚೆಗೆ ಹಾಕುತ್ತಿದ್ದರು. ಅವು ಒಂದೂವರೆ ತಿಂಗಳು ತಡವಾಗಿ ಬರುತ್ತಿದ್ದವು. ಒಂದಕ್ಷರ ಬಿಡದೆ ಓದಿ ಮುಗಿಸಿದ ಮೇಲೆ ಅವು ಅಂಕಲ್ ಎದೆಗೆ ಹೋಗುತ್ತಿದ್ದವು. ಸಂಜೆ ಮನೆಗೆ ಬಂದು, ಬೆವರಿಗೋ ಮಂಜಿಗೋ ಮೆತ್ತಗಾದ ಆ ಹಾಳೆಗಳನ್ನು ಹೀಟರ್ ಮೇಲೆ ಹರಡಿ ಮತ್ತೆ ನಾಳೆಗೆ ಒಣಗಿಸುತ್ತಿದ್ದರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ನನಗೆ ಆಗ ಇಪ್ಪತ್ತೈದು. ಮೈಸೂರಿನವಳು, ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿದವಳು. ಆ ಕಾಲದಲ್ಲಿ ಅಮೆರಿಕದ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಫಿಸಿಯೋಥೆರಪಿಸ್ಟ್‌ಗಳು ಸಿಗುತ್ತಿರಲಿಲ್ಲ. ನಮ್ಮಂಥವರನ್ನು ಹಡಗಿಗೆ ಸಾಮಾನು ತುಂಬಿದ ಹಾಗೆ ಕರೆಸಿಕೊಳ್ಳುತ್ತಿದ್ದರು. ನನ್ನ ಪಾಲಿಗೆ ಬಂದದ್ದು ನಾರ್ತ್ ಕ್ಯಾರೊಲಿನಾದ ಪಶ್ಚಿಮದ ಅಂಚಿನಲ್ಲಿ, ಬ್ಲೂ ರಿಡ್ಜ್ ಬೆಟ್ಟಗಳ ನಡುವಿನ ಒಂದು ಊರು. ಷಾರ್ಲೆಟ್‌ನಿಂದ ಮೂರು ಗಂಟೆಯ ದಾರಿ. ಒಂದು ನದಿ, ನದಿಯ ಪಕ್ಕ ಒಂದು ಕಾಗದದ ಕಾರ್ಖಾನೆ, ಲೆಕ್ಕವಿಲ್ಲದಷ್ಟು ಚರ್ಚುಗಳು, ಒಂದೇ ಸೂಪರ್‌ಮಾರ್ಕೆಟ್. ಕಾರ್ಖಾನೆಯ ಕೊಳೆತ ಮೊಟ್ಟೆಯಂಥ ನಾತಕ್ಕೆ ಒಂದು ವಾರದಲ್ಲಿ ಮೂಗು ಒಗ್ಗಿಹೋಯಿತು. ಒಂಟಿತನಕ್ಕೆ ಒಗ್ಗಲಿಲ್ಲ.

ಆ ಸೂಪರ್‌ಮಾರ್ಕೆಟ್‌ನಲ್ಲೇ ನಾನು ಒಂದು ಸಂಜೆ ಬದನೆಕಾಯಿ ಒತ್ತಿ ನೋಡುತ್ತಿದ್ದಾಗ ಹಿಂದಿನಿಂದ ಹೆಂಗಸಿನ ದನಿಯೊಂದು, ಎಷ್ಟೋ ವರ್ಷದ ಪರಿಚಯ ಇದ್ದ ಹಾಗೆ, "ಅದು ಕಹಿ ಇರತೈತಿ, ತಗೋಬ್ಯಾಡ" ಎಂದಿತು. ತಿರುಗಿದರೆ ಉದ್ದನೆಯ ಕೋಟಿನ ಕೆಳಗೆ ಇಳಕಲ್ ಸೀರೆಯ ಅಂಚು. ನನ್ನ ಹಣೆಯ ಬೊಟ್ಟು ನೋಡಿ, ಬಾಯಲ್ಲೇ ಗೊಣಗಿಕೊಳ್ಳುತ್ತಿದ್ದ ಕನ್ನಡ ಕೇಳಿ ಹಿಂದೆ ಬಂದಿದ್ದರು. ಅವರೇ ಆಂಟಿ. ಅವರ ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಎಂಜಿನಿಯರ್. ದಾಂಡೇಲಿಯಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ, ಐವತ್ತರ ಹೊಸ್ತಿಲಲ್ಲಿ ಇಲ್ಲಿಗೆ ಬಂದವರು. ಒಬ್ಬಳೇ ಮಗಳು ವಾಷಿಂಗ್ಟನ್‌ನಲ್ಲಿ ಕಾಲೇಜು ಓದುತ್ತಿದ್ದಳು. ಸುತ್ತ ನೂರು ಮೈಲಿಯಲ್ಲಿ ನಾವು ಮೂವರೇ ಕನ್ನಡದವರು ಎಂದು ಆಂಟಿ ಲೆಕ್ಕ ಹಾಕಿ ಹೇಳಿದರು.

ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಊಟ ಅವರ ಮನೆಯಲ್ಲಿ. ಅಟ್ಲಾಂಟಾದ ಇಂಡಿಯನ್ ಅಂಗಡಿಯಿಂದ ಜೋಳದ ಹಿಟ್ಟು ತರಿಸಿ ಆಂಟಿ ರೊಟ್ಟಿ ಬಡಿಯುತ್ತಿದ್ದರು. ಅಂಕಲ್ ಅದಕ್ಕೆ ಆ ಬೆಟ್ಟದವರು ಜೋಳದ ದಂಟನ್ನು ಹಿಂಡಿ ಕಾಯಿಸಿ ಮಾಡುವ ಕಪ್ಪನೆಯ ಕಾಕಂಬಿ ಹಚ್ಚಿಕೊಂಡು ತಿನ್ನುತ್ತಿದ್ದರು. ಜೋಳ ಬೆಳೀತಾರೆ, ಬೆಲ್ಲ ಮಾಡ್ತಾರೆ, ರೊಟ್ಟಿಯೊಂದು ಗೊತ್ತಾಗಲಿಲ್ಲವಲ್ಲ ಈ ಜನಕ್ಕೆ ಎಂದು ಪ್ರತಿ ವಾರವೂ ಹೊಸದಾಗಿ ಮರುಗುತ್ತಿದ್ದರು.

ಅವರು ಕಾರ್ಖಾನೆಗೆ ಹೋಗುತ್ತಿದ್ದುದು ಮೋಟರ್‌ಸೈಕಲ್ ಮೇಲೆ. ಮನೆಯಲ್ಲಿ ಕಾರಿತ್ತು, ಅದು ಆಂಟಿಯದು. ದಾಂಡೇಲಿಯ ಕಾಡಿನ ರಸ್ತೆಯಲ್ಲಿ ಇಪ್ಪತ್ತು ವರ್ಷ ಶಿಫ್ಟಿಗೆ ಹೋಗಿ ಬಂದ ಅಭ್ಯಾಸ. ಡಬ್ಬಿಯೊಳಗೆ ಕೂತು ಹೋದರೆ ಹೋದ ಹಾಗೇ ಅನಿಸುವುದಿಲ್ಲ ಎನ್ನುತ್ತಿದ್ದರು. ಇಲ್ಲಿ ಜೊತೆಯ ಕೆಲಸಗಾರನೊಬ್ಬನಿಂದ ಹಳೆಯ ಜಪಾನಿ ಗಾಡಿಯೊಂದನ್ನು ಕೊಂಡು, ತಾವೇ ಬಿಚ್ಚಿ ಜೋಡಿಸಿ ದಾರಿಗೆ ತಂದಿದ್ದರು. ನವೆಂಬರ್ ಬಂತೆಂದರೆ ಆ ಊರಿನವರೆಲ್ಲ ತಮ್ಮ ಮೋಟರ್‌ಸೈಕಲ್‌ಗಳಿಗೆ ಹೊದಿಕೆ ಹಾಕಿ ಒಳಗಿಡುವರು. ಅಂಕಲ್ ಮಾತ್ರ ಕಾಲುಚೀಲದ ಮೇಲೆ ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಉಣ್ಣೆಯ ಗ್ಲೌಸಿನ ಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು, ಎದೆಗೆ ಪೇಪರು ಇಟ್ಟುಕೊಂಡು ಹೊರಡುವರು. ನೆರಳಿದ್ದ ಕಡೆ ರಸ್ತೆಯನ್ನು ನಂಬಬಾರದು, ಸೇತುವೆಯನ್ನು ಯಾವತ್ತೂ ನಂಬಬಾರದು ಎಂದು ನನಗೆ ಪಾಠ ಹೇಳುತ್ತಿದ್ದರು, ನಾನೇನೋ ನಾಳೆ ಗಾಡಿ ಓಡಿಸುವವಳ ಹಾಗೆ.

ಹಾಗೆ ಹೇಳುತ್ತಿದ್ದವರೇ ಡಿಸೆಂಬರ್ ಮೊದಲ ವಾರ ಕಾರ್ಖಾನೆಯ ಮುಂದಿನ ಸೇತುವೆಯ ಮೇಲೆ ಬಿದ್ದರು. ಕಣ್ಣಿಗೆ ಕಾಣದ ತೆಳ್ಳನೆಯ ಐಸ್. ಎಡಗೈ ಮಣಿಕಟ್ಟು ಮುರಿದಿತ್ತು. ಆರು ವಾರ ಪ್ಲಾಸ್ಟರ್ ಹಾಕಿ, ಬಿಚ್ಚಿದ ಮೇಲೆ ವ್ಯಾಯಾಮಕ್ಕೆಂದು ಮೂಳೆ ಡಾಕ್ಟರು ಕಳಿಸಿದ್ದು ನನ್ನ ಹತ್ತಿರವೇ. ವಾರಕ್ಕೆ ಎರಡು ಸಲ ಬರುತ್ತಿದ್ದರು. ನನಗೂ ಖುಷಿ. ಇಡೀ ದಿನದ ಇಂಗ್ಲಿಷಿನ ನಡುವೆ ನಲವತ್ತು ನಿಮಿಷ ಕನ್ನಡ.

ಕೈಯ ಬಲವನ್ನು ಅಳೆಯಲು ನಮ್ಮಲ್ಲಿ ಒಂದು ಸಣ್ಣ ಯಂತ್ರವಿದೆ. ಹಿಡಿಯನ್ನು ಗಟ್ಟಿಯಾಗಿ ಒತ್ತಿದರೆ ಮುಳ್ಳು ತಿರುಗಿ ಅಂಕಿ ತೋರಿಸುತ್ತದೆ. ಪೆಟ್ಟಾದ ಕೈಯನ್ನು ಅಳೆಯುವಾಗ ಪೆಟ್ಟಾಗದ ಕೈಯನ್ನೂ ಅಳೆಯಬೇಕು; ಮುರಿದದ್ದು ಎಷ್ಟು ಸುಧಾರಿಸಿತು ಎಂದು ಹೇಳಲು ಸರಿಯಿರುವ ಕೈಯೇ ಅಳತೆಗೋಲು. ವಾರಕ್ಕೊಂದು ಸಲ ಅಳೆದು ಬರೆದಿಡುತ್ತಿದ್ದೆ. ಮೂರು ವಾರ ಕಳೆಯಿತು. ಎಡಗೈ ನಾನು ಅಂದುಕೊಂಡ ಹಾಗೇ ಮೇಲೇರುತ್ತಿತ್ತು. ಅಳತೆಗೋಲಾಗಿದ್ದ ಬಲಗೈ ವಾರವಾರಕ್ಕೂ ಇಳಿಯುತ್ತಿತ್ತು.

ಮೊದಲು ಯಂತ್ರ ಕೆಟ್ಟಿದೆ ಎಂದುಕೊಂಡೆ. ನನ್ನ ಕೈಯಿಂದ ಒತ್ತಿ ನೋಡಿದೆ, ಸರಿಯಿತ್ತು. ಆಮೇಲೆ ಅಂಕಲ್ ಕೈಯನ್ನು ಮೇಜಿನ ಮೇಲೆ ಅಂಗಾತ ಇಡಿಸಿ, ದೀಪ ಹತ್ತಿರ ಎಳೆದು ನೋಡಿದೆ. ಹೆಬ್ಬೆರಳಿನ ಬುಡದ ಮಾಂಸ ಚಪ್ಪಟೆಯಾಗಿತ್ತು. ಕೈ ಮಗುಚಿದರೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಣ್ಣ ಗುಳಿ. ಚರ್ಮದ ಕೆಳಗೆ ಹುಳ ಹರಿದ ಹಾಗೆ ಏನೋ ತಾನಾಗಿ ಅದುರಿ ನಿಲ್ಲುತ್ತಿತ್ತು… ಓದುವಾಗ ಮಂಗಳೂರಿನ ವಾರ್ಡಿನಲ್ಲಿ ಒಬ್ಬ ದರ್ಜಿಯ ಕೈಯನ್ನು ನಮ್ಮ ಮೇಷ್ಟ್ರು ನಮಗೆಲ್ಲ ತೋರಿಸಿದ್ದರು. ಆ ಕೈಯೂ ಹೀಗೇ ಇತ್ತು. ನರಗಳು ಒಂದೊಂದಾಗಿ ಸತ್ತು, ಕೈಯಿಂದ ತೋಳಿಗೆ, ತೋಳಿನಿಂದ ನಾಲಿಗೆಗೆ, ಉಸಿರಿಗೆ ಹೋಗುವ ರೋಗ. ಮದ್ದಿಲ್ಲ ಎಂದು ವಾರ್ಡಿನಿಂದ ಹೊರಗೆ ಬಂದ ಮೇಲೆ ಮೇಷ್ಟ್ರು ಹೇಳಿದ್ದರು.

"ಎಡಗೈ ನೋಡಬೇಕಾದಾಕಿ ಬಲಗೈ ಯಾಕ ನೋಡಾಕತ್ತಿ?" ಎಂದರು ಅಂಕಲ್.

ಯಾವಾಗಿನಿಂದ ಹೀಗಾಗಿದೆ ಎಂದು ಕೇಳಿದೆ. ಥಂಡಿಗೆ ಬೆರಳು ಮರಗಟ್ಟಿರುತ್ತವೆ, ಅಷ್ಟೇ ಎಂದರು. ಕೋಣೆ ಬೆಚ್ಚಗೇ ಇದೆಯಲ್ಲ ಅಂಕಲ್ ಎಂದೆ. ಡಾಕ್ಟರಿಗೆ ಬರೆಯಬೇಕಾಗುತ್ತದೆ ಎಂದಾಗ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.

ಆಗ ಹೇಳಿದರು. ಅವರ ಗ್ರೀನ್ ಕಾರ್ಡಿಗೆ ಕಾರ್ಖಾನೆಯೇ ಅರ್ಜಿ ಹಾಕಿತ್ತು. ಏಪ್ರಿಲ್‌ನಲ್ಲಿ ಇಂಟರ್‌ವ್ಯೂ. ಅವರ ಕೆಲಸದ ವೀಸಾಕ್ಕಿದ್ದ ಆರು ವರ್ಷ ಅದೇ ಬೇಸಿಗೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಕೆಲಸ ಹೋದರೆ ಅರ್ಜಿಯೂ ಹೋಗುತ್ತದೆ. ಮಗಳಿಗೆ ಇಪ್ಪತ್ತೊಂದು ತುಂಬುತ್ತಿದೆ, ತುಂಬಿದ ಮೇಲೆ ಅವಳು ಅವರ ಅರ್ಜಿಯೊಳಗೆ ಬರುವುದಿಲ್ಲ. ಇಷ್ಟನ್ನೂ ಅವರು ಯಾವುದೋ ಪಂಪಿನ ಕೆಲಸ ವಿವರಿಸಿದ ಹಾಗೆ ಸಮಾಧಾನವಾಗಿ ವಿವರಿಸಿದರು.

"ಏಪ್ರಿಲ್ ತನಕ ಬರಿಬ್ಯಾಡ ತಂಗಿ. ಆಂಟಿಗೂ ಹೇಳಬ್ಯಾಡ. ಎರಡು ತಿಂಗಳು ಅಷ್ಟ."

ಬರೆಯದೇ ಇರೋಕೆ ಆಗಲ್ಲ ಅಂಕಲ್ ಎಂದು ಬಾಯಲ್ಲಿ ಹೇಳಿದೆ. ಅವರು ಹೋದ ಮೇಲೆ ಬಲಗೈಯ ಕಾಲಮ್ಮಿನಲ್ಲಿ 'ಹಿಂದಿನಂತೆಯೇ' ಎಂದು ಬರೆದೆ. ಮುಂದಿನ ವಾರವೂ ಅದನ್ನೇ ಬರೆದೆ. ಅದರ ಮುಂದಿನ ವಾರವೂ… ಯಾವ ಮದ್ದೂ ಇಲ್ಲದ ರೋಗ, ಎರಡು ತಿಂಗಳು ತಡವಾಗಿ ಗೊತ್ತಾದರೆ ಏನು ನಷ್ಟ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ದಿನಾ ಅದೇ ಕೈಯಲ್ಲಿ ಬ್ರೇಕು ಹಿಡಿದು ಆ ನದಿ ರಸ್ತೆಯಲ್ಲಿ ಹೋಗುತ್ತಾರೆ ಎನ್ನುವುದು ಮೊದಲ ಕೆಲವು ದಿನ ಹೊಳೆಯಲೇ ಇಲ್ಲ. ಹೊಳೆದ ಮೇಲೆ ನಿದ್ದೆ ಬರಲಿಲ್ಲ. ಮಾರ್ಚ್ ತನಕ ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದು ನಿಜ, ಆದರೆ ಪ್ಲಾಸ್ಟರ್ ಬಿಚ್ಚಿದ ಎರಡನೇ ವಾರಕ್ಕೇ ಅಂಕಲ್ ಮತ್ತೆ ಶುರು ಮಾಡಿದ್ದರು. ಆಂಟಿ ಬಯ್ದು ಬಯ್ದು ಸೋತಿದ್ದರು.

ಫೆಬ್ರವರಿಯ ಕೊನೆಯ ಶನಿವಾರ ಮಧ್ಯಾಹ್ನ ಅವರು ನನ್ನ ಅಪಾರ್ಟ್‌ಮೆಂಟಿನ ಮುಂದೆ ಬಂದು ಹಾರ್ನ್ ಹೊಡೆದರು. ಎರಡು ವಾರದ ಮೋಡ ಸರಿದು ಬಿಸಿಲು ಬಿದ್ದಿತ್ತು. ಬೆಟ್ಟದ ಮೇಲೆ ಬಂಡೆಯಿಂದ ಇಳಿಯುವ ನೀರೆಲ್ಲ ಹೆಪ್ಪುಗಟ್ಟಿ ನಿಂತಿದೆ, ನೋಡಿಲ್ಲವಲ್ಲ ನೀನು, ಬಾ ತೋರಿಸುತ್ತೇನೆ ಎಂದರು. ಮಗಳ ಹೆಲ್ಮೆಟ್ ತಂದಿದ್ದರು. ನನಗೂ ಒಂದು ಮಡಿಕೆ ಪೇಪರು ತಂದಿದ್ದರು.

ನಾನು ಯಾಕೆ ಹೋದೆ? ಐಸ್ ನೋಡುವ ಆಸೆಯಿಂದಲ್ಲ. ಹಿಂದೆ ಕೂತು ಅವರ ಬಲಗೈಯನ್ನು ನೋಡಬೇಕಿತ್ತು. ಅದು ಬ್ರೇಕು ಹಿಡಿಯುವುದನ್ನು ಕಣ್ಣಾರೆ ಕಂಡರೆ ಏಪ್ರಿಲ್‌ವರೆಗೆ ಸುಮ್ಮನಿರಲು ನನಗೊಂದು ಧೈರ್ಯ ಸಿಗುತ್ತಿತ್ತು. ಅಷ್ಟೇ ನನ್ನ ಲೆಕ್ಕ.

ಕಾರ್ಖಾನೆ ದಾಟಿ, ನದಿ ಬಿಟ್ಟು, ಕ್ರಿಸ್‌ಮಸ್ ಮರಗಳನ್ನು ಬೆಳೆಸುವ ತೋಟಗಳ ನಡುವೆ ರಸ್ತೆ ಮೇಲೇರುತ್ತಿತ್ತು. ಗಾಳಿ ಹೆಲ್ಮೆಟ್ಟಿನ ಕೆಳಗಿನಿಂದ ನುಗ್ಗಿ ಹಲ್ಲಿಗೆ ತಾಗುತ್ತಿತ್ತು. ಎದೆಯಲ್ಲಿದ್ದ ಪೇಪರು ಸರಸರ ಎನ್ನುತ್ತಿತ್ತು. ಎಲೆ ಉದುರಿದ ಮರಗಳ ಸಂದಿಯಿಂದ ಬೆಟ್ಟದ ಮೇಲೆ ಬೆಟ್ಟ, ನೀಲಿ, ಬೂದಿ, ಕೊನೆಗೆ ಬರಿಯ ಹೊಗೆಯ ಹಾಗೆ. ಭಯದ ನಡುವೆಯೂ ನನಗೆ ಅದು ಚೆಂದ ಕಂಡಿತು ಎಂದು ಹೇಳಿದರೆ ಸುಳ್ಳಲ್ಲ. ಅಂಕಲ್ ಏನೋ ಗುನುಗುತ್ತಿದ್ದರು, ಅವರ ಬೆನ್ನಿನ ಮೂಲಕ ನನಗೆ ತಿಳಿಯುತ್ತಿತ್ತು. ತಿರುವುಗಳಲ್ಲಿ ಅವರ ಬಲಗೈಯನ್ನು ನೋಡುತ್ತಿದ್ದೆ. ರಬ್ಬರ್ ಗ್ಲೌಸಿನ ಬೆರಳುಗಳು ಬ್ರೇಕಿನ ಕಡ್ಡಿಯ ಮೇಲೆ ಇದ್ದವು. ಇದ್ದವು, ಅಷ್ಟೇ. ಮಡಚುತ್ತಿರಲಿಲ್ಲ. ಆಕ್ಸಿಲರೇಟರನ್ನು ಅವರು ಅಂಗೈಯ ಬುಡದಿಂದ ತಳ್ಳಿ ತಿರುಗಿಸುತ್ತಿದ್ದರು.

ಎಂಟು ಮೈಲಿ ಮೇಲೆ, ಚಳಿಗಾಲಕ್ಕೆಂದು ರಸ್ತೆಗೆ ಅಡ್ಡ ಕಬ್ಬಿಣದ ಗೇಟು ಹಾಕಿದ ಕಡೆ ನಿಲ್ಲಿಸಿದರು. ಬಂಡೆಯ ಮೇಲಿನಿಂದ ಐಸ್ ಕಂಬ ಕಂಬವಾಗಿ ಇಳಿದಿತ್ತು, ಒಳಗೆ ನೀಲಿ ದೀಪ ಹಚ್ಚಿಟ್ಟ ಹಾಗೆ. ಇನ್ನೊಂದು ವಾಹನವಿಲ್ಲ, ಹಕ್ಕಿಯ ಸದ್ದಿಲ್ಲ. ಬ್ಯಾಗಿನಲ್ಲಿ ಆಂಟಿ ಕೊಟ್ಟ ಚಹಾದ ಫ್ಲಾಸ್ಕ್ ಇತ್ತು. ನಾನು ಅದನ್ನು ತೆಗೆಯುತ್ತಿದ್ದಾಗ ಅಂಕಲ್ ನನಗೆ ಬೆನ್ನು ಮಾಡಿ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡುತ್ತಿದ್ದರು. ಗಲ್ಲದ ಕೆಳಗಿನ ಆ ಪಟ್ಟಿಗೆ ಸಣ್ಣದೊಂದು ಗುಂಡಿ, ಒತ್ತಿದರೆ ಬಿಡುತ್ತದೆ. ಬಲಗೈಯಲ್ಲಿ ಆಗಲಿಲ್ಲ. ಎಡಗೈ ಆ ಥಂಡಿಗೆ ಮಣಿಕಟ್ಟಿನಲ್ಲಿ ಬಗ್ಗಲಿಲ್ಲ. ಎರಡು ಸಲ, ಮೂರು ಸಲ… ನಾನು ಫ್ಲಾಸ್ಕ್ ಹಿಡಿದು ಕಾದೆ. ಹತ್ತಿರ ಹೋದರೆ ಅವರಿಗೆ ನಾಚಿಕೆಯಾದೀತು ಎಂದು ಕಾದೆ.

ಕೊನೆಗೆ ಅವರೇ ತಿರುಗಿ, ಎರಡು ಹೆಜ್ಜೆ ಬಂದು, ನನ್ನ ಮುಂದೆ ಗಲ್ಲ ಎತ್ತಿ ನಿಂತರು.

"ತೆಗಿ" ಎಂದರು.

ತೆಗೆದೆ. ಮುಖ ಒದ್ದೆಯಾಗಿತ್ತು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ, ನನಗೂ ಬಂದಿತ್ತು. ಆದರೆ ಅವರ ಬಾಯಿ ನಡುಗುತ್ತಿದ್ದುದು ಗಾಳಿಗಲ್ಲ. ಗೇಟಿಗೆ ಒರಗಿಕೊಂಡು ಅವರು ತಮ್ಮ ಬಲಗೈಯನ್ನೇ, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿದರು.

"ನನ್ನ ಕೈ ನನ್ನ ಮಾತು ಕೇಳವಲ್ದು. ಅಂಜಿಕಿ ಬಂದೈತಿ ತಂಗಿ. ಇಳಿಯೂದು ಹೆಂಗ ಅಂತ ಅಲ್ಲ… ಇದರ ಮುಂದ ಹೆಂಗ ಅಂತ."

ಅಷ್ಟು ದೊಡ್ಡ ಮನುಷ್ಯನನ್ನು ಹೇಗೆ ಸಮಾಧಾನ ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ದಿನಾ ಹತ್ತು ಜನರ ಕೈ ಹಿಡಿಯುವವಳು, ಅವರ ಕೈ ಹಿಡಿಯಲಿಲ್ಲ. ಚಹಾ ಬಗ್ಗಿಸಿ ಲೋಟವನ್ನು ಬಾಯಿಯ ಹತ್ತಿರ ಹಿಡಿದೆ. ಅವರು ನನ್ನ ಕೈಯಿಂದಲೇ ಕುಡಿದರು.

ಗಾಡಿ ಅಲ್ಲೇ ಬಿಟ್ಟು ನಡೆಯೋಣ ಎಂದೆ. ಮೊದಲ ಮನೆ ಸಿಗಬೇಕಾದರೆ ನಾಲ್ಕು ಮೈಲಿ ಇಳಿಯಬೇಕು. ಮೊಬೈಲು ಎನ್ನುವುದು ನಮ್ಮ ಕೈಗೆ ಇನ್ನೂ ಬಂದಿರಲಿಲ್ಲ. ಬಿಸಿಲು ಆಗಲೇ ಬೆಟ್ಟದ ಆಚೆ ಬದಿಗೆ ವಾಲುತ್ತಿತ್ತು. ಗಾಡಿಯನ್ನು ಫಸ್ಟ್ ಗೇರಿನಲ್ಲಿ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕಾಲಿನ ಬ್ರೇಕು ಒತ್ತುತ್ತ, ಎರಡೂ ಕಾಲು ನೆಲಕ್ಕೆ ಸವರಿಕೊಂಡು ಇಳಿಯಬಹುದು ಎಂದರು ಅಂಕಲ್. ಬಿಸಿಲಿರುವ ಕಡೆ ಹಿಂದೆ ಕೂತೆ. ನೆರಳಿನ ತಿರುವು ಬಂದಾಗಲೆಲ್ಲ ಇಳಿದು ಮುಂದೆ ಮುಂದೆ ನಡೆದೆ. ರಸ್ತೆಯನ್ನು ಬೂಟಿನಿಂದ ಉಜ್ಜಿ, ಜಾರುತ್ತದೆಯೋ ಇಲ್ಲವೋ ನೋಡಿ, ಎಡಕ್ಕೆ ಬನ್ನಿ, ಬಲಕ್ಕೆ ಬನ್ನಿ ಎಂದು ಕೈ ಮಾಡುತ್ತಿದ್ದೆ. ಅವರು ಹಿಂದೆ, ಆಗ ತಾನೇ ಗಾಡಿ ಕಲಿಯುವವರ ಹಾಗೆ, ಕಾಲು ಎಳೆಯುತ್ತ ಬರುತ್ತಿದ್ದರು. ಒಂದು ತಿರುವಿನಲ್ಲಿ ನಾನು ಸರಿಯಿದೆ ಎಂದ ಕಡೆಯೇ ಹಿಂದಿನ ಚಕ್ರ ಜಾರಿತು. ನಿಧಾನಕ್ಕೆ, ಎಮ್ಮೆ ಮಲಗಿದ ಹಾಗೆ ಗಾಡಿ ಮಗ್ಗುಲಾಯಿತು. ಅಂಕಲ್ ಕಾಲು ಅದರ ಕೆಳಗೆ. ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಕಲಿತ ವಿದ್ಯೆಯನ್ನೆಲ್ಲ ಸೇರಿಸಿ ಮೂರನೆಯ ಸಲಕ್ಕೆ ಎತ್ತಿದೆ. ಕಾಲಿಗೆ ಏನೂ ಆಗಿರಲಿಲ್ಲ. ಅವರು ಕೂತಲ್ಲೇ ಸ್ವಲ್ಪ ಹೊತ್ತು ಕೂತಿದ್ದರು. ಏಳಿ ಅಂಕಲ್ ಎಂದು ನಾನು ಎರಡು ಸಲ ಹೇಳಬೇಕಾಯಿತು.

ಎರಡು ಗಂಟೆ ಹಿಡಿಯಿತು. ಮೊದಲ ಮನೆಯ ಪಕ್ಕದಲ್ಲೊಂದು ಚರ್ಚು, ಅದರ ಅಂಗಳದಲ್ಲಿ ಕೊನೆಯ ಬಿಸಿಲು. ಅಲ್ಲಿ ನಿಂತು ಅವರು ಎಂಜಿನ್ನಿಗೆ ಕೈ ಹಿಡಿದು ಕಾಯಿಸಿಕೊಂಡರು. ಬೆರಳು ಸ್ವಲ್ಪ ಮಡಚುವ ಹಾಗಾಯಿತು. ಆಗ ನನ್ನ ಕಡೆ ನೋಡದೆ ಹೇಳಿದರು.

"ಮ್ಯಾಲ ಆಗಿದ್ದು ಮ್ಯಾಲ ಬಿಡೋಣು. ನಾ ಅಂಜಿದ್ದು ಆಂಟಿಗೆ ಗೊತ್ತಾಗಬಾರದು. ಮಾತು ಕೊಡು."

ಕೊಟ್ಟೆ.

ಉಳಿದ ದಾರಿಯನ್ನು ಮೆಲ್ಲಗೆ ಸವೆಸಿ ಮನೆ ಮುಟ್ಟಿದಾಗ ಆಂಟಿ ಬಿಸಿ ಉಪ್ಪಿಟ್ಟು ಮಾಡಿ ಕಾಯುತ್ತಿದ್ದರು. ಹೇಗಿತ್ತು ಎಂದು ಕೇಳಿದರು. ಚಲೋ ಇತ್ತು, ನೀರು ನಿಂತಲ್ಲೇ ನಿಂತೈತಿ ಎಂದರು ಅಂಕಲ್. ಪ್ಯಾಂಟಿನ ಮೇಲಿನ ಕೆಸರು ಏನು ಎಂದದ್ದಕ್ಕೆ, ಗಾಡಿ ನಿಲ್ಲಿಸುವಾಗ ಜಾರಿತು ಎಂದರು. ನಾನು ತಟ್ಟೆ ನೋಡುತ್ತ ಕೂತಿದ್ದೆ. ಮಾರನೆಯ ದಿನ ಭಾನುವಾರ, ತಲೆನೋವೆಂದು ಸುಳ್ಳು ಹೇಳಿ ಊಟಕ್ಕೆ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಮೂಳೆ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಎಲ್ಲ ಎಂದರೆ, ಎಲ್ಲವನ್ನೂ ಅಲ್ಲ. ಅವರು ನನ್ನ ಫೈಲು ತಿರುವಿ, ಹಿಂದಿನಂತೆಯೇ, ಹಿಂದಿನಂತೆಯೇ ಎಂದು ಬೆರಳಿಟ್ಟು ಓದಿ, ಇದನ್ನು ಮೊದಲು ಗಮನಿಸಿದ್ದು ಯಾವಾಗ ಎಂದು ಕೇಳಿದರು. ಶನಿವಾರ ಎಂದೆ. ನನ್ನ ಲೈಸೆನ್ಸು ಹೋಗುತ್ತದೆ ಎನ್ನುವ ಭಯ. ಅಂಕಲ್‌ಗಾಗಿ ಮೂರು ಸಲ ಸುಳ್ಳು ಬರೆದಿದ್ದೆ. ನಾಲ್ಕನೆಯದು ಪೂರ್ತಿ ನನಗಾಗಿ.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ದೊಡ್ಡ ಊರಿನ ನರರೋಗದ ಡಾಕ್ಟರು, ಸೂಜಿ ಚುಚ್ಚಿ ಮಾಡುವ ಪರೀಕ್ಷೆ, ಎರಡನೆಯ ಅಭಿಪ್ರಾಯ. ಮಂಗಳೂರಿನ ದರ್ಜಿಗೆ ಇದ್ದದ್ದೇ. ಯಂತ್ರಗಳ ನಡುವೆ ಅಂಥ ಕೈಯವರು ಇರಕೂಡದು ಎಂದು ಕಾರ್ಖಾನೆಯವರು ಮಾರ್ಚ್‌ನಲ್ಲಿ ಅವರನ್ನು ಶಿಫ್ಟಿನಿಂದ ತೆಗೆದರು, ತಿಂಗಳ ಕೊನೆಗೆ ಕೆಲಸದಿಂದಲೇ ಬಿಡಿಸಿದರು. ಅವರ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಏಪ್ರಿಲ್‌ನ ಇಂಟರ್‌ವ್ಯೂ ನಡೆಯಲಿಲ್ಲ.

ಸುದ್ದಿ ತಿಳಿದ ವಾರ ಆಂಟಿ ನನ್ನ ಅಪಾರ್ಟ್‌ಮೆಂಟಿಗೆ ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬಾಗಿಲಲ್ಲೇ ನಿಂತು, ದನಿ ಏರಿಸದೆ ಕೇಳಿದರು.

"ನೀ ಹೇಳಿದ್ದಕ್ಕ ರೋಗ ವಾಸಿ ಆತೇನು? ಎರಡು ತಿಂಗಳ ಕಾಯಾಕ ಆಗಲಿಲ್ಲೇನವಾ ನಿನಗ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ಗೇಟು, ಆ ಪಟ್ಟಿ, ರಸ್ತೆಯ ಮಧ್ಯೆ ಏಳಲಾರದೆ ಕೂತ ಅವರ ಗಂಡ. ಹೇಳಿದ್ದರೆ ನಾನು ಉಳಿಯುತ್ತಿದ್ದೆ. ಮಾತು ಕೊಟ್ಟಿದ್ದೆ. ಅಂಕಲ್ ಕೇಳಿದ ಒಂದು ಮಾತು ಮೀರಿದವಳು ಇನ್ನೊಂದನ್ನಾದರೂ ಉಳಿಸಿಕೊಳ್ಳಬೇಕು ಎಂದು ಹಟ ಹಿಡಿದವಳ ಹಾಗೆ ಸುಮ್ಮನೆ ನಿಂತೆ. ಅವರಿಗೆ ನಾನು ಅವಸರ ಮಾಡಿದವಳು. ನನಗೆ ಗೊತ್ತಿದ್ದದ್ದು, ನಾನು ಮೂರು ವಾರ ತಡ ಮಾಡಿದವಳು. ಆ ಮೂರು ವಾರದಲ್ಲಿ ಯಾವ ಬೆಳಿಗ್ಗೆಯಾದರೂ ಅಂಕಲ್ ನದಿಗೆ ಬಿದ್ದಿದ್ದರೆ… ಅಥವಾ ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳ ಮೇಲೆ ಹೋಗಿದ್ದರೆ…

ಜೂನ್‌ನಲ್ಲಿ ಅವರು ಧಾರವಾಡಕ್ಕೆ ಹೊರಟರು. ಮಗಳು ಬೇರೆ ವೀಸಾ ಮಾಡಿಸಿಕೊಂಡು ವಾಷಿಂಗ್ಟನ್‌ನಲ್ಲೇ ಉಳಿದಳು. ಹೊರಡುವ ಹಿಂದಿನ ದಿನ ನಾನು ಹೋದೆ. ನನ್ನನ್ನು ಕಂಡೊಡನೆ ಆಂಟಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟರು. ನಾನಿದ್ದಷ್ಟು ಹೊತ್ತೂ ನೀರು ಸುರಿಯುತ್ತಲೇ ಇತ್ತು. ಖಾಲಿ ಗೋಡೆಗಳ ನಡುವೆ ಅಂಕಲ್ ಕುರ್ಚಿಯಲ್ಲಿ ಕೂತಿದ್ದರು. ಎರಡೂ ಕೈ ತೊಡೆಯ ಮೇಲೆ. ಮಾತು ಆಗಲೇ ತುಸು ತೊದಲುತ್ತಿತ್ತು. ಗಾಡಿಯನ್ನು ಕೊಂಡ ಕಾರ್ಖಾನೆಯ ಹುಡುಗ ಅದಕ್ಕೆ ಸರಿಯಾಗಿ ಎಣ್ಣೆ ಬದಲಿಸುವುದಿಲ್ಲ ಎಂದು ಬೇಸರಪಟ್ಟರು. ಏಳುವಾಗ ನಾನು ಸಾರಿ ಅಂಕಲ್ ಎಂದೆ. ಅವರು ಯೋಚಿಸಿ ಉತ್ತರಿಸಿದರು, ಸುಮ್ಮನೆ ಬಾಯಿಮಾತಿಗೆ ಏನನ್ನೂ ಹೇಳುವವರಲ್ಲ.

"ನೀ ತಪ್ಪು ಮಾಡಿದಿ ಅಂತ ನಾ ಅನ್ನೂದಿಲ್ಲ. ಸರಿ ಮಾಡಿದಿ ಅಂತ ಅನ್ನಾಕೂ ನನ್ನಿಂದ ಆಗೂದಿಲ್ಲ ತಂಗಿ."

ಎರಡು ವರ್ಷದ ನಂತರ ಅಂಕಲ್ ತೀರಿಕೊಂಡರೆಂದು ಅವರ ಮಗಳ ಕಾಗದ ಬಂತು. ನಾಲ್ಕೇ ಸಾಲು. ಕೊನೆಯ ಆರು ತಿಂಗಳು ಕಣ್ಣಿನಿಂದಷ್ಟೇ ಮಾತಾಡುತ್ತಿದ್ದರಂತೆ.

ನಾನು ಮದುವೆಯಾಗಿ ಷಾರ್ಲೆಟ್‌ಗೆ ಬಂದೆ, ಅಲ್ಲಿಂದ ಇಲ್ಲಿಗೆ. ಬಹಳ ವರ್ಷದ ಮೇಲೆ ವಾಷಿಂಗ್ಟನ್‌ನಲ್ಲಿ ನೆಂಟರೊಬ್ಬರ ಗೃಹಪ್ರವೇಶದಲ್ಲಿ ಆ ಮಗಳು ಸಿಕ್ಕಳು. ಅವಳ ತಲೆಯಲ್ಲೂ ಆಗಲೇ ಬಿಳಿ ಕೂದಲು. ಅವ್ವ ನಿಮ್ಮ ಬಗ್ಗೆ ಕೇಳ್ತಿರ್ತಾರೆ, ಒಂದ್ಸಲ ಕಾಲ್ ಮಾಡಿ ಪ್ಲೀಸ್ ಎಂದು ನಂಬರು ಕೊಟ್ಟಳು. ಮಾಡಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಆಂಟಿಯ ದನಿ ಮುದಿಯಾಗಿತ್ತು, ಮಾತಿನ ರೀತಿ ಬದಲಾಗಿರಲಿಲ್ಲ. ನನ್ನ ಮಕ್ಕಳ ಬಗ್ಗೆ ಕೇಳಿದರು, ಜೋಳದ ಹಿಟ್ಟು ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಆಮೇಲೆ ನಡುವೆ ಏನೂ ಪೀಠಿಕೆಯಿಲ್ಲದೆ, ಆ ಶನಿವಾರದ ಮಾತು ತೆಗೆದರು. ಪ್ಯಾಂಟಿಗೆ ಕೆಸರಾಗಿತ್ತು, ಸೋಮವಾರ ನೀನು ಆಸ್ಪತ್ರೆಯಲ್ಲಿ ಹೇಳಿದಿ, ನಡುವೆ ಏನೋ ಆಗಿದೆ ಎಂದು ಆಮೇಲೆ ಎಷ್ಟೋ ದಿನಕ್ಕೆ ಹೊಳೆಯಿತು, ಅವರನ್ನು ಕೇಳೋಣವೆಂದರೆ ಅಷ್ಟರಲ್ಲಿ ಅವರ ಮಾತು ನಿಂತಿತ್ತು ಎಂದರು.

"ಆ ದಿನ ಗುಡ್ಡದ ಮ್ಯಾಲ ಅವರು ಅಂಜಿದ್ರೇನು? ಖರೇ ಹೇಳು."

ಕೊಟ್ಟ ಮಾತು ನೆನಪಿತ್ತು. ಆದರೆ ಕೇಳುತ್ತಿದ್ದವರಿಗೆ ಎಪ್ಪತ್ತೈದು ದಾಟಿತ್ತು, ಅವರು ಆ ಪ್ರಶ್ನೆಯನ್ನು ಎಷ್ಟು ವರ್ಷ ಹೊತ್ತಿದ್ದರೋ.

"ಹೌದು ಆಂಟಿ. ಹೆದರಿದ್ರು" ಎಂದೆ. ಹೆಲ್ಮೆಟ್ಟಿನ ಪಟ್ಟಿಯ ವಿಷಯ, ಚಹಾ ಕುಡಿಸಿದ್ದು, ಗಾಡಿ ಬಿದ್ದದ್ದು, ನಾನು ಮೂರು ವಾರ ಸುಳ್ಳು ಬರೆದದ್ದು, ಎಲ್ಲ ಹೇಳಿದೆ. ಈ ಸಲ ಏನನ್ನೂ ಬಿಡಲಿಲ್ಲ.

ನಿಟ್ಟುಸಿರು ಬಿಡುತ್ತಾರೆ, ಹಾಗಾದರೆ ನೀನು ಹೇಳಿದ್ದೇ ಒಳ್ಳೆಯದಾಯಿತು ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ. ಇಷ್ಟು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ.

"ಎರಡು ವರ್ಷ ಅವರ ಮಗ್ಗಲದಾಗ ಕುಂತೆ" ಎಂದರು ಆಂಟಿ. "ಉಣ್ಣಿಸಿದೆ, ತೊಳೆದೆ. ನನ್ನ ಮುಂದ ಒಂದ ಸಲಾನೂ ಅಂಜಲಿಲ್ಲ ಅವರು. ನಿನ್ನ ಮುಂದ ಅಂಜಿದ್ರು."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಆರಾಮ ಇರವಾ ಎಂದು ಹೇಳಿ ಫೋನು ಇಟ್ಟರು. ನಾನು ಮತ್ತೆ ಮಾಡಲಿಲ್ಲ, ಅವರೂ ಮಾಡಲಿಲ್ಲ. ಹೋದ ವರ್ಷ ದಸರೆಯ ಹೊತ್ತಿಗೆ ಆಂಟಿಯೂ ಹೋದರು ಎಂದು ಮಗಳು ಮೆಸೇಜ್ ಕಳಿಸಿದ್ದಳು. ಅವರ ಗಂಡನಿಂದ ಅವರಿಗೆ ಸಲ್ಲಬೇಕಾಗಿದ್ದ ಒಂದು ಗಳಿಗೆ ನನ್ನ ಹತ್ತಿರ ಉಳಿದುಹೋಗಿದೆ. ಅದನ್ನು ಈಗ ಯಾರಿಗೆ ಕೊಡಲಿ ಎಂದು ನನಗೆ ತಿಳಿಯುವುದಿಲ್ಲ.